ರಿಂಜಾನಿ: ತುದಿ ಮುಟ್ಟಿ ವಾಪಸ್ ಬರ್ಬೇಡಿ, ಒಳಗೆ ಇಳೀರಿ

ಬೆಂಗ್ಳೂರಿಂದ ಬಾಲಿಗೆ ನೇರ ಫ್ಲೈಟ್ ಶುರುವಾದ್ಮೇಲೆ ನಮ್ಮ ಕಡೆಯವರು ಅಲ್ಲಿಗೆ ಹೋಗೋದು ತುಂಬಾ ಜಾಸ್ತಿ ಆಗಿದೆ, ಹೋದವರಲ್ಲಿ ಸುಮಾರು ಜನ ಪಕ್ಕದ ಲೊಂಬೊಕ್ ದ್ವೀಪಕ್ಕೂ ದಾಟಿ ಗಿಲಿ ದ್ವೀಪಗಳಲ್ಲಿ ಸಮುದ್ರ ನೋಡ್ಕೊಂಡು ಬರ್ತಾರೆ. ಆ ಲೊಂಬೊಕ್ ಉತ್ತರ ಭಾಗದಲ್ಲಿ ನಿಂತಿರೋದು ರಿಂಜಾನಿ. 3,726 ಮೀಟರ್. ಇಂಡೋನೇಷ್ಯಾದ ಜ್ವಾಲಾಮುಖಿಗಳಲ್ಲಿ ಎತ್ತರದಲ್ಲಿ ಎರಡನೇದು, ಸುಮಾತ್ರಾದ ಕೆರಿಂಚಿ ಮಾತ್ರ ಇದಕ್ಕಿಂತ ದೊಡ್ಡದು. ಏಜೆಂಟ್‌ಗಳ ಹತ್ರ ಕೇಳಿದ್ರೆ ಮುಖ್ಯವಾಗಿ ಎರಡು ಥರ ಪ್ಯಾಕೇಜ್ ಹೇಳ್ತಾರೆ, ಎರಡು ದಿನದ್ದು ಅಂದ್ರೆ ತುದಿಗೆ ಹೋಗಿ ಅದೇ ದಾರೀಲಿ ವಾಪಸ್, ಮೂರು ದಿನದ್ದು ಅಂದ್ರೆ ತುದಿ ಆದ್ಮೇಲೆ ಕುಳಿಯ ಒಳಗೆ ಕೆರೆಗೆ ಇಳಿದು ಇನ್ನೊಂದು ಕಡೆಯಿಂದ ಹೊರಗೆ. ರಜೆ ಕಮ್ಮಿ ಇದೆ ಅಂತ ಎರಡು ದಿನದ್ದು ಬುಕ್ ಮಾಡೋರೇ ಜಾಸ್ತಿ. ನಾನು ಇಷ್ಟುದ್ದ ಬರೀತಿರೋದು ಅದಕ್ಕೇ, ದಯವಿಟ್ಟು ಇನ್ನೊಂದು ದಿನ ರಜೆ ಹಾಕಿ ಮೂರು ದಿನದ್ದೇ ಮಾಡಿ. ಕಷ್ಟ ಹೆಚ್ಚಾಗತ್ತೆ, ಸುಳ್ಳು ಹೇಳಲ್ಲ, ಆದ್ರೆ ಆ ಬೆಟ್ಟ ಏನು ಅಂತ ಗೊತ್ತಾಗೋದು ಒಳಗೆ ಇಳಿದಾಗಲೇ.

ನಾವು ನಾಲ್ಕು ಜನ. ಒಬ್ಬ ಮೈಸೂರಲ್ಲಿ ಕಾಲೇಜಲ್ಲಿ ಪಾಠ ಮಾಡ್ತಾನೆ, ನಾವೆಲ್ಲ ಅವನನ್ನ ಮೇಷ್ಟ್ರು ಅಂತಾನೇ ಕರೆಯೋದು, ಬೆಳಿಗ್ಗೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋ ಅಭ್ಯಾಸ ಇರೋನು. ಇನ್ನೊಬ್ರು ದಾವಣಗೆರೆ ಕಡೆ ಡಾಕ್ಟ್ರು. ಮತ್ತೊಬ್ಬಳು ಶಿರಸಿಯವಳು, ನನ್ನ ಹಳೇ ರೂಮ್‌ಮೇಟ್, ಪಕ್ಕಾ ಸಸ್ಯಾಹಾರಿ. ಹೋಗೋಕೆ ಕೆಲವು ತಿಂಗಳ ಮುಂಚೆಯಿಂದಾನೇ ವಾರದ ಕೊನೆಯಲ್ಲಿ ಬೆನ್ನ ಮೇಲೆ ಭಾರ ಹಾಕ್ಕೊಂಡು ನಡೆಯೋದು, ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತೋದು ಎಲ್ಲ ಮಾಡಿದ್ವಿ. ಕುಮಾರ ಪರ್ವತ ಮಾಡಿದವರಿಗೆ ರಿಂಜಾನಿಯ ಮೊದಲನೇ ದಿನ ಹೆಂಗಿರತ್ತೆ ಅಂತ ಅಂದಾಜು ಸಿಗತ್ತೆ, ಎರಡನೇ ದಿನಕ್ಕೆ ಮಾತ್ರ ನಮ್ಮ ರಾಜ್ಯದಲ್ಲಿ ಅಭ್ಯಾಸ ಮಾಡೋಕೆ ಜಾಗ ಇಲ್ಲ, ಯಾಕಂದ್ರೆ ಅಷ್ಟು ಎತ್ತರಾನೂ ಇಲ್ಲಿಲ್ಲ ಆ ಥರದ ನೆಲಾನೂ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ರಿಂಜಾನಿ ಕುಳಿ ತಳದಲ್ಲಿರೋ ಕೆರೆ ನೀರೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ.

ಹತ್ತೋ ಹಿಂದಿನ ದಿನ ಸೆಂಬಾಲುನ್ ಅನ್ನೋ ಊರಲ್ಲಿ ಉಳ್ಕೊಂಡ್ವಿ. ಸುತ್ತ ಬೆಟ್ಟ, ಮಧ್ಯ ಸಮತಟ್ಟು ಕಣಿವೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಸ್ಟ್ರಾಬೆರಿ ತೋಟಗಳು. ಊರೇ 1,100 ಮೀಟರ್ ಮೇಲಿರೋದ್ರಿಂದ ರಾತ್ರಿ ಚಳಿ. ಇಲ್ಲಿನ ಜನ ಸಸಾಕ್ ಸಮುದಾಯದವರು, ಬಹುತೇಕ ಮುಸ್ಲಿಮರು, ಬೆಳಗಿನ ಜಾವ ಮಸೀದಿ ಕೂಗಿಗೇ ನಮಗೆ ಎಚ್ಚರ ಆಗಿದ್ದು. ಬೆಳಿಗ್ಗೆ ಕಡ್ಡಾಯವಾಗಿ ಆರೋಗ್ಯ ತಪಾಸಣೆ, ಬಿಪಿ ನೋಡ್ತಾರೆ, ನಾಡಿ ನೋಡ್ತಾರೆ, ಸರಿ ಇದ್ರೆ ಚೀಟಿ ಕೊಡ್ತಾರೆ, ಆಮೇಲೆ ನ್ಯಾಷನಲ್ ಪಾರ್ಕ್ ಕಚೇರೀಲಿ ಹೆಸರು ನೋಂದಣಿ. ಮೇಲಕ್ಕೆ ಒಯ್ಯೋ ಪ್ಲಾಸ್ಟಿಕ್, ಪ್ಯಾಕೆಟ್ಟು, ಬಾಟ್ಲು ಎಲ್ಲ ಲೆಕ್ಕ ಬರ್ಸಿ, ಅಷ್ಟೂ ವಾಪಸ್ ತರ್ಬೇಕು. ಈ ನಿಯಮ ನಮ್ಮ ಪಶ್ಚಿಮ ಘಟ್ಟದ ಎಲ್ಲ ಟ್ರೆಕ್‌ಗೂ ಬಂದ್ರೆ ಎಷ್ಟು ಚೆನ್ನಾಗಿರತ್ತೆ ಅಂತ ಡಾಕ್ಟ್ರು ಅಲ್ಲೇ ಹೇಳ್ತಿದ್ರು. ಜನವರಿಯಿಂದ ಮಾರ್ಚ್ ಕೊನೆವರೆಗೂ ಮಳೆ ಕಾರಣಕ್ಕೆ ಬೆಟ್ಟ ಮುಚ್ಚಿರತ್ತೆ, ನಾವು ಹೋಗಿದ್ದು ಒಣ ಕಾಲದಲ್ಲಿ.

ಮೊದಲನೇ ದಿನದ ಶುರು ಮೋಸದ್ದು ಅನ್ಬೇಕು. ದನ ಮೇಯೋ ಹುಲ್ಲುಗಾವಲು, ನಿಧಾನವಾಗಿ ಏರೋ ದಾರಿ, ಎದುರಿಗೆ ಪೂರ್ತಿ ಬೆಟ್ಟ ಕಾಣ್ತಿರತ್ತೆ, ಇಷ್ಟೇನಾ ಅನ್ಸತ್ತೆ. ಒಂದು ಮರದ ನೆರಳಿಲ್ಲ. ಹತ್ತು ಗಂಟೆ ಆಗೋಷ್ಟರಲ್ಲಿ ಬಿಸಿಲು ತಲೆ ಮೇಲೆ ಕೂತಿತ್ತು, ಕಾಲಡಿಯ ಮಣ್ಣು ಹಿಟ್ಟಿನಷ್ಟು ನುಣ್ಣಗೆ, ಮುಂದಿನವರು ಎಬ್ಬಿಸಿದ ಧೂಳು ಹಿಂದಿನವರ ಮೂಗಿಗೆ. ಮೂಗಿಗೆ ಬಟ್ಟೆ ಕಟ್ಕೊಂಡ್ರೆ ಉಸಿರು ಸಾಲಲ್ಲ, ಬಿಚ್ಚಿದ್ರೆ ಕೆಮ್ಮು. ದಾರೀಲಿ ಪೋಸ್ ಒಂದು, ಎರಡು, ಮೂರು ಅಂತ ತಂಗೋ ಜಾಗಗಳಿವೆ, ಅಲ್ಲೊಂದು ಶೆಡ್ಡು, ಕೂರೋಕೆ ಕಟ್ಟೆ. ನಾವು ಏದುಸಿರು ಬಿಡ್ತಾ ಅಲ್ಲಿಗೆ ಮುಟ್ಟೋ ಹೊತ್ತಿಗೆ ನಮಗಿಂತ ಲೇಟಾಗಿ ಹೊರಟ ಪೋರ್ಟರ್‌ಗಳು ಆಗಲೇ ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ರು.

ಈ ಪೋರ್ಟರ್‌ಗಳ ಬಗ್ಗೆ ಬರೀಲೇಬೇಕು. ಒಂದು ಬಿದಿರಿನ ಅಡ್ಡೆ, ಎರಡೂ ತುದಿಗೆ ಬುಟ್ಟಿ, ಅದರಲ್ಲಿ ಟೆಂಟು, ಮಲಗೋ ಚಾಪೆ, ಗ್ಯಾಸು, ನೀರು, ಅಕ್ಕಿ, ಮೊಟ್ಟೆ, ತರಕಾರಿ, ಕಲ್ಲಂಗಡಿ ಹಣ್ಣು ಕೂಡ. ಕಾಲಿಗೆ ರಬ್ಬರ್ ಚಪ್ಪಲಿ. ನಾನು ಒಬ್ಬರನ್ನ ಕೇಳಿ ಆ ಅಡ್ಡೆ ಹೆಗಲಿಗೆ ತಗೊಂಡೆ, ಎತ್ತಿ ನಿಂತೆ ಅಷ್ಟೇ, ಹತ್ತು ಹೆಜ್ಜೆ ನಡೆಯೋಷ್ಟರಲ್ಲಿ ಹೆಗಲ ಮೂಳೆ ಉರಿಯೋಕೆ ಶುರುವಾಯ್ತು. ಮೂವತ್ತು ಕೆಜಿ ಹತ್ರ ಇತ್ತು. ಅವರು ಅದನ್ನ ಹೊತ್ಕೊಂಡೇ 1,500 ಮೀಟರ್ ಏರ್ತಾರೆ, ಏರಿದ ತಕ್ಷಣ ಕೂರದೆ ಟೆಂಟ್ ಹಾಕಿ ಅಡುಗೆಗೆ ನಿಲ್ತಾರೆ. ನಮ್ಮ ಹಿರಿಯ ಪೋರ್ಟರ್‌ಗೆ ಐವತ್ತರ ಹತ್ರ ವಯಸ್ಸು, ನಾವೆಲ್ಲ ಅವರನ್ನ 'ಪಾಕ್' ಅಂತ ಕರೀತಿದ್ವಿ, ಅಲ್ಲಿ ಹಿರಿಯರನ್ನ ಹಂಗೇ ಕರೆಯೋದು. ಬೆಟ್ಟ ಮುಚ್ಚಿರೋ ತಿಂಗಳುಗಳಲ್ಲಿ ಅವರು ಗದ್ದೆ ಕೆಲಸ ಮಾಡ್ತಾರಂತೆ.

ಊಟಕ್ಕೆ ಅನ್ನ, ಕರಿದ ತೆಂಪೆ, ತರಕಾರಿ, ಸಂಬಲ್. ಸಸ್ಯಾಹಾರಿಗಳು ಹೋಗೋದಿದ್ರೆ ಒಂದು ವಿಷ್ಯ ತಿಳ್ಕೊಳ್ಳಿ, ತೆಂಪೆ ಅಂದ್ರೆ ಹುದುಗಿಸಿದ ಸೋಯಾ, ಅದು ತಿನ್ಬಹುದು, ತೋಫು ಎಲ್ಲ ಕಡೆ ಸಿಗತ್ತೆ, ಆದ್ರೆ ಸಂಬಲ್ ಅನ್ನೋ ಕೆಂಪು ಚಟ್ನಿಗೆ ಎಷ್ಟೋ ಸಲ ತೆರಾಸಿ ಹಾಕಿರ್ತಾರೆ, ಅದು ಸೀಗಡಿ ಹುದುಗಿಸಿ ಮಾಡಿದ್ದು. ಮೊದಲೇ ಹೇಳಿದ್ರೆ ಇಲ್ಲದೆ ಮಾಡ್ಕೊಡ್ತಾರೆ. ಶಿರಸಿಯವಳು ಮನೆಯಿಂದ ಚಟ್ನಿಪುಡಿ, ಅಪ್ಪೆಮಿಡಿ ತಂದಿದ್ಲು, ಪಾಕ್ ಅವರಿಗೂ ಒಂದು ಮಿಡಿ ಕೊಟ್ಲು, ಅವರು ಕಣ್ಣು ಮುಚ್ಚಿ ಚೀಪಿ ಇನ್ನೊಂದು ಕೇಳಿದ್ರು.

ಪೋಸ್ ಮೂರು ಆದ್ಮೇಲೆ ದಾರಿಯ ರೀತಿನೇ ಬದಲಾಗತ್ತೆ. ಅಲ್ಲಿಂದ ಮೇಲಕ್ಕೆ ಸಾಲಾಗಿ ಗುಡ್ಡಗಳು, ಅಲ್ಲಿನವರು ಅದಕ್ಕೆ ಪಶ್ಚಾತ್ತಾಪದ ಏಳು ಗುಡ್ಡ ಅಂತ ಹೆಸರಿಟ್ಟಿದಾರೆ. ಒಂದು ಗುಡ್ಡದ ನೆತ್ತಿ ಕಂಡು ಮುಗೀತು ಅಂತ ಅಲ್ಲಿಗೆ ಹೋದ್ರೆ ಅದರ ಹಿಂದೆ ಇನ್ನೊಂದು, ಅದು ಮುಗಿದ್ರೆ ಮತ್ತೊಂದು. ಗಾಳಿಮರದ ಕಾಡು, ಬೇರುಗಳನ್ನೇ ಮೆಟ್ಲು ಮಾಡ್ಕೊಂಡು ಹತ್ಬೇಕು, ಮಧ್ಯಾಹ್ನದ ಮೇಲೆ ಮಂಜು ಕವಿದು ಹತ್ತು ಮೀಟರ್ ಆಚೆ ಏನೂ ಕಾಣ್ತಿರ್ಲಿಲ್ಲ. ಬೆವರಿಗೆ ಒದ್ದೆಯಾದ ಬಟ್ಟೆ ಮಂಜಿಗೆ ತಣ್ಣಗಾಗಿ ಮೈಗಂಟಿ ನಿಂತ್ರೆ ನಡುಕ, ನಡೆದ್ರೆ ಸುಸ್ತು. ಗೈಡ್ ಬಾಯಲ್ಲಿ ಒಂದೇ ಮಾತು, ಪೆಲಾನ್ ಪೆಲಾನ್, ಅಂದ್ರೆ ನಿಧಾನ ನಿಧಾನ. ಮಾತಾಡೋದು ನಿಂತೋಗಿತ್ತು, ಒಬ್ಬರ ಹಿಂದೆ ಒಬ್ಬರು ಮುಂದಿನವರ ಹಿಮ್ಮಡಿ ನೋಡ್ಕೊಂಡು ಹತ್ತೋದು. ಮೇಷ್ಟ್ರು ಮಾತ್ರ ಪ್ರತಿ ಗುಡ್ಡಕ್ಕೂ ಇದೇ ಕೊನೇದು ಅಂತ ಹೇಳ್ತಾ ಇದ್ದ, ಶಿರಸಿಯವಳು "ನೀನು ಲೆಕ್ಕದ ಮೇಷ್ಟ್ರು ಆಗ್ಲಿಲ್ವಲ್ಲ, ಪುಣ್ಯ ಮಾರಾಯ" ಅಂದಾಗ ಗೈಡಿಗೂ ಏನೋ ಅರ್ಥ ಆದಹಾಗೆ ನಕ್ಕ.

ಸಂಜೆ ಹೊತ್ತಿಗೆ ಕುಳಿಯ ಅಂಚು ಸಿಕ್ತು, ಪ್ಲಾವಾಂಗನ್ ಸೆಂಬಾಲುನ್, 2,639 ಮೀಟರ್. ಅಲ್ಲಿಗೆ ಮುಟ್ಟೋವರೆಗೂ ನೀವು ಬೆಟ್ಟದ ಹೊರಮೈ ಮಾತ್ರ ನೋಡಿರ್ತೀರ. ಅಂಚಿಗೆ ಹೋಗಿ ನಿಂತ ತಕ್ಷಣ ಆ ಕಡೆ ನೆಲಾನೇ ಇಲ್ಲ. ಮಂಜು ಸರಿದಾಗ ಕೆಳಗೆ ನೀಲಿ ಕೆರೆ, ಕೆರೆ ಪಕ್ಕದಿಂದ ಎದ್ದಿರೋ ಕಪ್ಪು ಕೋನ. ಕೆರೆ ಹೆಸರು ಸೆಗಾರಾ ಅನಾಕ್, ಆ ಕೋನ ಬಾರುಜಾರಿ, ಈಗಲೂ ಜೀವಂತ ಇರೋ ಜ್ವಾಲಾಮುಖಿ ಅದು. 2015ರಲ್ಲಿ ಅದರ ಬೂದಿ ಎದ್ದು ಬಾಲಿಯ ವಿಮಾನ ನಿಲ್ದಾಣಾನೇ ಮುಚ್ಚಿದ್ರು, 2016ರಲ್ಲಿ ಮತ್ತೆ ಸಿಡೀತು. ಕೋತಿಗಳ ಕಾಟ ಇದೆ, ಟೆಂಟ್ ಜಿಪ್ ಹಾಕದೆ ಐದು ನಿಮಿಷ ಆಚೆ ಹೋಗಂಗಿಲ್ಲ. ಕತ್ತಲಾದ ತಕ್ಷಣ ಊಟ ಮಾಡಿ ಏಳೂವರೆಗೆಲ್ಲ ಮಲಗಿದ್ವಿ, ನಿದ್ದೆ ಅಂತ ಸರಿಯಾಗಿ ಯಾರಿಗೂ ಬರ್ಲಿಲ್ಲ, ಗಾಳಿಗೆ ಟೆಂಟ್ ಬಡ್ಕೊಳ್ತಾನೇ ಇತ್ತು.

ರಾತ್ರಿ ಒಂದೂವರೆಗೆ ಎಬ್ಬಿಸಿದ್ರು. ಬಿಸಿ ಚಹಾ, ಬಿಸ್ಕೆಟ್ಟು, ಬಾಳೆಹಣ್ಣು. ಡಾಕ್ಟ್ರು ಒಬ್ಬೊಬ್ಬರನ್ನೂ ಕೇಳಿದ್ರು, ತಲೆನೋವು ಐತಾ, ವಾಂತಿ ಬಂದಂಗೆ ಆಗ್ತೈತಾ ಅಂತ. ಸಮುದ್ರ ಮಟ್ಟದಿಂದ ಬಂದು ಎರಡನೇ ರಾತ್ರಿಗೇ 3,700ಕ್ಕೆ ಹೋಗ್ತಿದೀವಿ, ಇದನ್ನ ಹಗುರವಾಗಿ ತಗೊಳ್ಳೋ ಹಂಗಿಲ್ಲ ಅನ್ನೋದು ಅವರ ವಾದ, ಅದು ಸರಿ ಕೂಡ. ಎರಡು ಗಂಟೆಗೆ ಹೆಡ್‌ಟಾರ್ಚ್ ಹಾಕ್ಕೊಂಡು ಹೊರಟ್ವಿ. ಶುರುನಲ್ಲೇ ಕಡಿದಾದ ಏರು, ಪುಡಿ ಮಣ್ಣು, ಮಧ್ಯ ಮಧ್ಯ ಮಳೆನೀರು ಕೊರೆದ ಕಂದರದಲ್ಲಿ ನುಗ್ಗಿ ಹತ್ಬೇಕು. ಒಂದು ಗಂಟೆ ಮೇಲಾದ್ಮೇಲೆ ಬೆಟ್ಟದ ಬೆನ್ನಿನ ಮೇಲೆ ಬಂದ್ವಿ, ಅಲ್ಲಿ ಏರು ಕಮ್ಮಿ, ದಾರಿ ಉದ್ದ. ಗಾಳಿ ಅಂದ್ರೆ ಅದು ಗಾಳಿ. ಎರಡು ಗ್ಲೌಸ್ ಒಳಗೂ ಬೆರಳು ಮರಗಟ್ಟಿತ್ತು. ಒಂದು ಪಕ್ಕ ಕುಳಿ, ಇನ್ನೊಂದು ಪಕ್ಕ ಕತ್ತಲೆ, ಟಾರ್ಚ್ ಬೆಳಕು ಎಲ್ಲೂ ಹೋಗಿ ತಾಗ್ತಿರ್ಲಿಲ್ಲ. 2025ರ ಜೂನಲ್ಲಿ ಬ್ರೆಜಿಲಿನ ಒಬ್ಬ ಯುವತಿ ಈ ತುದಿಯ ದಾರೀಲೇ ಬಿದ್ದು ತೀರ್ಕೊಂಡ್ಲು, ಅವಳ ದೇಹ ಮೇಲೆ ತರೋಕೆ ಕೆಲವು ದಿನ ಬೇಕಾಯ್ತು, ಅಷ್ಟು ಆಳ, ಅಷ್ಟು ಸಡಿಲ ನೆಲ. ಕತ್ತಲಲ್ಲಿ ನಡೆಯೋವಾಗ ಅದು ನೆನಪಿರ್ಬೇಕು, ಗೈಡ್ ಕಣ್ಣಿಗೆ ಕಾಣದಷ್ಟು ದೂರ ಯಾರೂ ಹೋಗ್ಬಾರ್ದು, ಹಿಂದೆ ಉಳಿದವರನ್ನ ಒಬ್ಬರೇ ಬಿಡ್ಬಾರ್ದು. ನಾವು ಹೊರಡೋಕೆ ಮುಂಚೆನೇ ಮಾತಾಡ್ಕೊಂಡಿದ್ದು ಇದೊಂದೇ ನಿಯಮ.

ಕೊನೆಯ ಮುನ್ನೂರು ಮೀಟರ್ ಏರು ಬಗ್ಗೆ ಎಷ್ಟು ಓದಿದ್ರೂ ಅಲ್ಲಿ ಕಾಲಿಡೋವರೆಗೂ ಅರ್ಥ ಆಗಲ್ಲ. ಪೂರ್ತಿ ಸಡಿಲ ಪುಡಿಕಲ್ಲು, ಬೂದಿ. ಕಣದಲ್ಲಿ ಸುರಿದ ರಾಗಿ ರಾಶಿ ಮೇಲೆ ಹತ್ತೋಕೆ ಹೋದ್ರೆ ಹೆಂಗೆ ಜಾರತ್ತೋ ಹಂಗೆ, ಕಾಲು ಹರಡಿನವರೆಗೂ ಹೂತು, ಭಾರ ಹಾಕಿದ ತಕ್ಷಣ ಕೆಳಗಡೆ ಜಾರ್ಕೊಂಡು ಹೋಗತ್ತೆ. ನೀವು ಹತ್ತಿದ್ದರಲ್ಲಿ ಅರ್ಧ ಪ್ರತಿ ಸಲ ಬೆಟ್ಟ ವಾಪಸ್ ಕಿತ್ಕೊಳ್ಳತ್ತೆ. ಗೈಡ್ ಹೇಳ್ಕೊಟ್ಟ ಹಾಗೆ ಕಾಲಿನ ಮುಂಭಾಗ ಒದ್ದು ಒಳಗೆ ಊರಿ, ಮುಂದಿನವರ ಹೆಜ್ಜೆ ಗುಂಡೀಲೇ ಹೆಜ್ಜೆ ಇಟ್ಟು, ಕೋಲು ಎರಡೂ ಮೇಲ್ಗಡೆ ಊರಿ ಹತ್ತಿದ್ವಿ. ಹತ್ತು ಹೆಜ್ಜೆ, ನಿಲ್ಲೋದು, ಉಸಿರು, ಮತ್ತೆ ಹತ್ತು. ಆಮೇಲೆ ಅದು ಎಂಟಾಯ್ತು, ಆರಾಯ್ತು. ಮೇಲೆ ಸಾಲಾಗಿ ಹೋಗ್ತಿರೋ ಟಾರ್ಚ್ ದೀಪಗಳು ಕಾಣ್ತಿದ್ವು, ಅರ್ಧ ಗಂಟೆ ಆದ್ಮೇಲೆ ನೋಡಿದ್ರೂ ಅಷ್ಟೇ ದೂರ.

ಅಲ್ಲೇ ಶಿರಸಿಯವಳು ಕೂತ್ಬಿಟ್ಲು. ಒಂದು ಸಲ ವಾಂತಿ ಆಯ್ತು. "ನೀವು ಹೋಗಿ, ನಾನು ಇಲ್ಲೇ ಕೂತಿರ್ತೀನಿ" ಅಂದ್ಲು. ಆ ಗಾಳಿಯಲ್ಲಿ ಕೂತಿರೋದು ಅನ್ನೋ ಮಾತೇ ಇಲ್ಲ, ಮೇಲಾದ್ರೂ ಹೋಗ್ಬೇಕು ಕೆಳಗಾದ್ರೂ ಇಳೀಬೇಕು. ಡಾಕ್ಟ್ರು ಅವಳನ್ನ ಒಂದು ಬಂಡೆ ಮರೆಗೆ ಕರ್ಕೊಂಡು ಹೋಗಿ ಕೂರ್ಸಿ, ತಲೆನೋವು ಐತಾ, ತಲೆ ತಿರುಗ್ತೈತಾ ಅಂತ ಕೇಳಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ್ರು. ತಲೆನೋವಿಲ್ಲ, ನಡಿಗೆ ನೆಟ್ಟಗಿದೆ. "ಇದು ಎತ್ತರದ ಕಾಯ್ಲೆ ಅಲ್ಲ ಕಣಮ್ಮ, ಖಾಲಿ ಹೊಟ್ಟೆ, ಚಳಿ, ಸುಸ್ತು. ತಲೆನೋವು ಶುರುವಾದ್ರೆ ಆ ಕ್ಷಣಕ್ಕೆ ಇಳಿಯಾದು, ಮಾತಿಲ್ಲ" ಅಂದ್ರು. ಗ್ಲುಕೋಸ್ ನೀರು, ಬೆಲ್ಲದ ಶೇಂಗಾ ಚಿಕ್ಕಿ ಕೊಟ್ರು. ಹತ್ತು ನಿಮಿಷ ನಾವು ಮೂವರೂ ಗಾಳಿಗೆ ಬೆನ್ನು ಕೊಟ್ಟು ಅವಳ ಸುತ್ತ ನಿಂತ್ವಿ. ಆಮೇಲೆ ಮೇಷ್ಟ್ರು ಕೈಕೊಟ್ಟು ಎಬ್ಬಿಸಿ "ನಾನು ನಿನ್ನ ಮುಂದೆ ಹೆಜ್ಜೆ ಗುಂಡಿ ಮಾಡ್ತಾ ಹೋಗ್ತೀನಿ, ನೀನು ಅದರಲ್ಲೇ ಕಾಲಿಡು, ಮೇಲೆ ನೋಡ್ಬೇಡ" ಅಂದ. ಅವನು ನಮಗೆಲ್ಲರಿಗಿಂತ ಒಂದು ಗಂಟೆ ಮುಂಚೆ ಮೇಲೆ ಹೋಗಿ ಸೂರ್ಯೋದಯ ನೋಡಬಹುದಾಗಿತ್ತು, ಅಷ್ಟು ಶಕ್ತಿ ಇತ್ತು ಅವನಲ್ಲಿ. ಕೊನೆವರೆಗೂ ಅವಳ ಮುಂದೆ ಬೂದಿ ಒದೀತಾ ಹತ್ತಿದ. ಇಂಥ ಸ್ನೇಹಿತರು ಇದ್ರೆ ಮಾತ್ರ ಇಂಥ ಕಡೆ ಹೋಗಿ ಅಂತ ನಾನು ಈಗ ಯಾರಿಗಾದ್ರೂ ಧೈರ್ಯವಾಗಿ ಹೇಳ್ತೀನಿ.

ಸೂರ್ಯ ಹುಟ್ಟಿದಾಗ ನಾವಿನ್ನೂ ಆ ಜಾರೋ ಏರಲ್ಲೇ ಇದ್ವಿ. ಮೊದಲು ಬೂದು ಬಣ್ಣ, ಆಮೇಲೆ ಕೆಂಪು, ಬಿಸಿಲು ಬಿದ್ದ ತಕ್ಷಣ ಮೈಗೆ ಜೀವ ಬಂತು. ತುದಿಗೆ ಹೋದಾಗ ಆರೂವರೆ ದಾಟಿತ್ತು. ಸಣ್ಣ ಜಾಗ, ಒಂದು ಬೋರ್ಡು, ಇಂಡೋನೇಷ್ಯಾದ ಬಾವುಟ ಹಿಡಿದು ಫೋಟೋ ತೆಗೆಸ್ಕೊಳ್ಳೋ ಸ್ಥಳೀಯ ಹುಡುಗರು. ಶಿರಸಿಯವಳು ಕೂತು ಅತ್ಲು, ನಾವು ಸುಮ್ನೆ ಪಕ್ಕದಲ್ಲಿ ಕೂತ್ವಿ. ಪಶ್ಚಿಮಕ್ಕೆ ಬೆಟ್ಟದ ನೆರಳು ಮೂರು ಮೂಲೆಯಾಗಿ ಮೋಡದ ಮೇಲೆ ಬಿದ್ದಿತ್ತು, ಅದರಾಚೆ ಸಮುದ್ರ ದಾಟಿ ಬಾಲಿಯ ಆಗುಂಗ್ ಬೆಟ್ಟ. ಪೂರ್ವಕ್ಕೆ ಸುಂಬಾವಾ ದ್ವೀಪ, ಅಲ್ಲಿ ತಂಬೋರಾ, 1815ರಲ್ಲಿ ಸಿಡಿದು ಮುಂದಿನ ವರ್ಷ ಯುರೋಪಲ್ಲಿ ಬೇಸಿಗೆನೇ ಬರದ ಹಂಗೆ ಮಾಡಿದ್ದು ಅದೇ ಬೆಟ್ಟ. ಅದಕ್ಕಿಂತ ದೊಡ್ಡ ಕಥೆ ನಮ್ಮ ಕಾಲ ಕೆಳಗಿನ ಕುಳಿಯದ್ದು.

ನಾವು ನಿಂತಿದ್ದ ರಿಂಜಾನಿ ತುದಿಯ ಪಕ್ಕದಲ್ಲೇ ಹಿಂದೆ ಸಮಾಲಾಸ್ ಅಂತ ಇನ್ನೊಂದು ಶಿಖರ ಇತ್ತು, 4,000 ಮೀಟರಿಗಿಂತ ಎತ್ತರ ಇತ್ತು ಅಂತ ಅಂದಾಜು. 1257ರಲ್ಲಿ ಅದು ಸಿಡೀತು. ಕಳೆದ ಕೆಲವು ಸಾವಿರ ವರ್ಷದಲ್ಲೇ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾ ಎರಡೂ ಕಡೆಯ ಹಿಮದಲ್ಲಿ ಆ ಕಾಲದ ಗಂಧಕದ ಗುರುತು ಸಿಕ್ಕಿತ್ತು, ಯಾವ ಬೆಟ್ಟದ್ದು ಅಂತ ದಶಕಗಟ್ಟಲೆ ಗೊತ್ತಿರ್ಲಿಲ್ಲ, 2013ರಲ್ಲಿ ಫ್ರಾಂಕ್ ಲವೀನ್ಯ್ ಅನ್ನೋ ಫ್ರೆಂಚ್ ವಿಜ್ಞಾನಿ ಮತ್ತವರ ತಂಡ ಅದು ಇದೇ ಅಂತ ತೋರಿಸಿದ್ರು. ಲೊಂಬೊಕ್ ಜನರ ಹತ್ರ ತಾಳೆಗರಿಯಲ್ಲಿ ಬರೆದ ಹಳೇ ಕಥನ ಇತ್ತು, ಬಾಬಾದ್ ಲೊಂಬೊಕ್ ಅಂತ, ಅದರಲ್ಲಿ ಸಮಾಲಾಸ್ ಕುಸಿದಿದ್ದು, ಪಾಮಾತನ್ ಅನ್ನೋ ಪಟ್ಟಣ ಕಲ್ಲು ಮಣ್ಣಿನ ಪ್ರವಾಹದಲ್ಲಿ ಹೂತುಹೋಗಿದ್ದು ಎಲ್ಲ ಇದೆ. ಆ ಪಟ್ಟಣ ಇನ್ನೂ ಸಿಕ್ಕಿಲ್ಲ. ಊರಿನವರು ಗರಿ ಮೇಲೆ ಬರೆದಿಟ್ಟು ಕಾಪಾಡಿದ ಮಾತನ್ನ ಹಿಮದ ಪದರ ಹೌದು ಅಂತು, ನನಗಂತೂ ಈ ವಿಷ್ಯ ಓದಿದಾಗಿಂದ ಆ ಕುಳಿ ಒಳಗೆ ಹೋಗ್ಲೇಬೇಕು ಅಂತ ಹಠ ಬಂದಿತ್ತು. ಎರಡು ದಿನದ ಪ್ಯಾಕೇಜಿನವರು ಇದನ್ನ ಮೇಲಿಂದ ಫೋಟೋ ತೆಗೆದು ವಾಪಸ್ ಹೋಗ್ತಾರೆ.

ತುದಿಯಿಂದ ಇಳಿಯೋದು ಬೇಗ ಆಯ್ತು, ಹಿಮ್ಮಡಿ ಊರಿ ಜಾರ್ಕೊಂಡೇ ಬಂದ್ವಿ, ಶೂ ತುಂಬ ಕಲ್ಲುಪುಡಿ. ಶೂ ಒಳಗೆ ಕಲ್ಲು ಹೋಗದ ಹಾಗೆ ಕಾಲಿಗೆ ಕಟ್ಟೋ ಗೇಟರ್ ಹಾಕ್ಕೊಂಡಿದ್ದವರಿಗೆ ಆರಾಮ. ಟೆಂಟಲ್ಲಿ ಬಾಳೆಹಣ್ಣಿನ ಪ್ಯಾನ್‌ಕೇಕ್ ತಿಂದು ಒಂದು ಗಂಟೆ ಬಿದ್ಕೊಂಡ್ವಿ, ಆಮೇಲೆ ಶುರುವಾಯ್ತು ಕೆರೆಗೆ ಇಳಿಯೋದು.

ಅಂಚಿಂದ ಕೆರೆಗೆ ಆರುನೂರು ಮೀಟರ್ ಮೇಲೆ ನೇರ ಇಳಿತ. ಬಂಡೆ ಮೆಟ್ಲುಗಳು, ಒಂದೊಂದು ಮಂಡಿ ಎತ್ತರ, ಕೆಲವು ಕಡೆ ಕಬ್ಬಿಣದ ಕಂಬಿ. ರಾತ್ರಿಯಿಂದ ನಡೆದ ಕಾಲುಗಳಿಗೆ ಇದು ನಿಜವಾದ ಪರೀಕ್ಷೆ, ತುದಿಗಿಂತ ಇಲ್ಲಿ ನನಗೆ ಜಾಸ್ತಿ ನೋವಾಯ್ತು. ತೊಡೆ ಅದುರೋದು ನನಗೇ ಕಾಣ್ತಿತ್ತು. ಡಾಕ್ಟ್ರು ಮಂಡಿಗೆ ಪಟ್ಟಿ ಕಟ್ಕೊಂಡು ಹಿಮ್ಮುಖವಾಗಿ ಇಳೀತಿದ್ರು. ಅದೇ ಮೆಟ್ಲಲ್ಲಿ ಪಾಕ್ ಅವರು ಅಡ್ಡೆ ಹೊತ್ಕೊಂಡು ಚಪ್ಪಲೀಲಿ ನಮ್ಮನ್ನ ದಾಟಿ ಹೋದ್ರು. ಗೋಡೆ ಮೇಲೆ ಕೆಲವು ಕಡೆ ಬೋಳು ಗಾಯಗಳು ಕಾಣತ್ತೆ, 2018ರ ಜುಲೈ 29ರ ಭೂಕಂಪದಲ್ಲಿ ಕುಸಿದ ಜಾಗಗಳು ಅಂತ ಗೈಡ್ ತೋರಿಸಿದ. ಅವತ್ತು ನೂರಾರು ಚಾರಣಿಗರು ಬೆಟ್ಟದ ಮೇಲೆ ಸಿಕ್ಕಾಕ್ಕೊಂಡಿದ್ರು. ಒಂದು ವಾರ ಕಳೆದು ಆಗಸ್ಟ್ 5ಕ್ಕೆ ಅದಕ್ಕಿಂತ ದೊಡ್ಡದು ಬಂದು ದ್ವೀಪದಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ರು, ಗೈಡ್ ಮನೇನೂ ಬಿತ್ತಂತೆ. ಹೇಳಿ ಮುಗಿಸಿ ಮತ್ತೆ ಇಳಿಯೋಕೆ ಶುರು ಮಾಡಿದ, ನಾವು ಏನೂ ಕೇಳ್ಲಿಲ್ಲ.

ಕೆರೆ ದಡಕ್ಕೆ ಬಂದು ತಲೆ ಎತ್ತಿ ನೋಡಿ. ಸುತ್ತ ಮೇಲೆದ್ದಿರೋ ಗೋಡೆ ಇದೆಯಲ್ಲ, ಅಷ್ಟು ಜಾಗದಲ್ಲಿದ್ದ ಬೆಟ್ಟ ಸಿಡಿದು, ಕುಸಿದು, ಇಲ್ಲವಾಗಿದೆ. ಕುಳಿ ಆರು ಕಿಲೋಮೀಟರ್ ಅಗಲ, ಎಂಟಕ್ಕೂ ಹೆಚ್ಚು ಉದ್ದ, ಕೆರೆ ಇನ್ನೂರು ಮೀಟರಿಗಿಂತ ಆಳ. ಮೇಲಿಂದ ನೋಡಿದಾಗ ಅದು ಚಂದದ ಚಿತ್ರ, ಕೆಳಗಿಂದ ನೋಡಿದಾಗ ಲೆಕ್ಕ ಸಿಗತ್ತೆ, ನಿನ್ನೆಯಿಂದ ಇಷ್ಟು ಕಷ್ಟಪಟ್ಟು ಹತ್ತಿದ್ದು ಒಡೆದುಹೋದ ಬೆಟ್ಟದ ಉಳಿದ ಅಂಚನ್ನ ಅಂತ. ಮೇಷ್ಟ್ರು ಬೆರಳಲ್ಲಿ ಗಾಳೀಲಿ ಗೆರೆ ಎಳೆದು ಹಳೇ ಶಿಖರ ಎಲ್ಲಿವರೆಗೂ ಇದ್ದಿರಬಹುದು ಅಂತ ತೋರಿಸ್ತಿದ್ದ, ಪಾಕ್ ಅವರು ಅದನ್ನ ನೋಡಿ ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಕೈ ಎತ್ತಿ ತೋರಿಸಿದ್ರು.

ದಡದಲ್ಲಿ ಊರಿನವರು ಗಾಳ ಹಾಕಿ ಮೀನು ಹಿಡೀತಿದ್ರು. ಲೊಂಬೊಕ್ ಮತ್ತು ಬಾಲಿಯ ಹಿಂದೂಗಳಿಗೆ ಈ ಕೆರೆ ಪವಿತ್ರ, ಪೆಕಲೆಮ್ ಅನ್ನೋ ಪೂಜೆಗೆ ಅಷ್ಟು ದೂರ ನಡ್ಕೊಂಡು ಬಂದು ಚಿನ್ನದ ತಗಡಲ್ಲಿ ಮಾಡಿದ ಮೀನು, ಆಮೆಯ ರೂಪಗಳನ್ನ ನೀರಿಗೆ ಬಿಡ್ತಾರೆ, ಮಳೆ ಬೆಳೆ ಚೆನ್ನಾಗಿ ಆಗ್ಲಿ ಅಂತ. ಸಸಾಕ್ ಜನಕ್ಕೂ ಇದು ಬರೀ ನೀರಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲಿ ಆಯ್ಕ್ ಕಲಾಕ್ ಅನ್ನೋ ಬಿಸಿನೀರಿನ ಬುಗ್ಗೆ. ಗಂಧಕದ ವಾಸನೆ, ಹಸಿರು ಹಳದಿ ಕಲ್ಲು, ಒಂದೊಂದು ಗುಂಡೀಲಿ ಒಂದೊಂದು ಬಿಸಿ. ಕತ್ತಿನವರೆಗೂ ಇಳಿದು ಕೂತಾಗ ತೊಡೆ ಬಿಗಿ ಬಿಟ್ಟಿದ್ದು ಒಂದೊಂದಾಗಿ ಗೊತ್ತಾಗ್ತಿತ್ತು. ಒಂದು ಗಂಟೆ ಯಾರೂ ಏಳ್ಲಿಲ್ಲ. ಅವತ್ತು ರಾತ್ರಿ ಎಲ್ಲರೂ ಹೆಣದ ಥರ ಮಲಗಿದ್ರು, ಬೆಳಿಗ್ಗೆ ಅಡುಗೆ ಟೆಂಟಿನ ಸದ್ದಿಗೂ ಎಚ್ಚರ ಆಗ್ಲಿಲ್ಲ.

ಮೂರನೇ ದಿನ ಹೊರಗೆ ಹೋಗೋಕೆ ಎರಡು ದಾರಿ. ಸೆನಾರು ಕಡೆ ಹೋದ್ರೆ ಮತ್ತೆ 2,641 ಮೀಟರ್‌ವರೆಗೆ ಹತ್ತಿ ಆಮೇಲೆ ಇಳೀಬೇಕು. ತೊರೆಯಾನ್ ಕಡೆ ಹೋದ್ರೆ ಕೆರೆ ನೀರು ಹೊರಗೆ ಹರಿಯೋ ಕಣಿವೆ ಹಿಡ್ಕೊಂಡೇ ಇಳಿಯೋದು. ನಾವು ತೊರೆಯಾನ್ ಆರಿಸ್ಕೊಂಡ್ವಿ. ಕೊಕೊಕ್ ಪುತಿಹ್ ಅಂತ ಹೊಳೆ, ಖನಿಜದ ಅಂಶಕ್ಕೆ ನೀರು ಬಿಳಿಚಿಕೊಂಡಿದೆ, ಅದು ಕೊರೆದಿರೋ ಕಂದರದ ಪಕ್ಕದಲ್ಲೇ ಕಾಲುದಾರಿ. ಎರಡೂ ಕಡೆ ಹಸಿರು ಹುಲ್ಲಿನ ಗೋಡೆಗಳು ಆಕಾಶಕ್ಕೆ ಎದ್ದಿವೆ, ಜಲಪಾತಗಳು, ನಮ್ಮ ಪಶ್ಚಿಮ ಘಟ್ಟ ನೋಡಿ ಬೆಳೆದ ಕಣ್ಣಿಗೂ ಇದು ಬೇರೆನೇ ಅಳತೆ. ದಾರಿ ಕೆಲವು ಕಡೆ ಎರಡಡಿ ಅಗಲ, ಪಕ್ಕ ಪ್ರಪಾತ, ಏಣಿ ಹಿಡಿದು ಇಳಿಯೋ ಜಾಗ, ಹಗ್ಗ ಹಿಡಿದು ದಾಟೋ ಜಾಗ. ಎತ್ತರಕ್ಕೆ ಹೆದರೋರು, ಮಳೆ ಬಂದ ದಿನ ಹೋಗೋರು ಸೆನಾರು ದಾರೀನೇ ಹಿಡೀಲಿ. ಕೊನೆ ಮೂರು ಗಂಟೆ ದಟ್ಟ ಕಾಡು, ಸೆಕೆ, ಬೇರು, ಕೆಸರು, ಶೂ ತುದಿಗೆ ಬೆರಳು ಗುದ್ದಿ ಗುದ್ದಿ ನನ್ನ ಎರಡು ಉಗುರು ಕಪ್ಪಾದ್ವು. ತೋಟ ಕಂಡಾಗ ನಾಲ್ಕು ಗಂಟೆ. ಅಂಗಡಿ ಮುಂದೆ ಬೆಂಚ್ ಮೇಲೆ ಕೂತ ಮೇಷ್ಟ್ರು ಎದ್ದೇಳೋಕೆ ಶಿರಸಿಯವಳ ಕೈ ಹಿಡಿಬೇಕಾಯ್ತು.

ಅಲ್ಲೇ ಪಾಕ್ ಅವರು ತಂದಿದ್ದ ಕಸದ ಚೀಲ ಇಳಿಸಿದ್ರು, ನಮ್ಮದೂ ಅವರದ್ದೂ ಸೇರಿ. ಅವರ ಎಡ ಹೆಗಲ ಮೇಲೆ ಅಡ್ಡೆ ಕೂತು ಕೂತು ಗಟ್ಟಿಯಾದ ಗಂಟಿತ್ತು, ಮಗ ಪೋರ್ಟರ್ ಕೆಲಸಕ್ಕೆ ಬರಲ್ಲ, ಓದ್ತಿದಾನೆ ಅಂತ ಗೈಡ್ ಮೂಲಕ ಹೇಳಿದ್ರು, ಹೇಳೋವಾಗ ಮುಖ ಬೆಳಗಿತ್ತು. ಪ್ಯಾಕೇಜ್ ದುಡ್ಡಲ್ಲಿ ಇವರಿಗೆ ಸೇರೋದು ಸಣ್ಣ ಪಾಲು, ಅತಿ ಅಗ್ಗದ ಪ್ಯಾಕೇಜಲ್ಲಿ ಕಡಿತ ಬೀಳೋದು ಮೊದಲು ಇವರ ಕೂಲಿಗೇ. ಅದಕ್ಕೇ ಬುಕ್ ಮಾಡೋವಾಗ ರೇಟು ಕೇಳೋದ್ರ ಜೊತೆ ನಾಲ್ಕು ಜನಕ್ಕೆ ಎಷ್ಟು ಪೋರ್ಟರ್ ಕೊಡ್ತೀರ, ಒಬ್ಬರ ಮೇಲೆ ಎಷ್ಟು ತೂಕ, ರಾತ್ರಿ ಅವರಿಗೆ ಬೇರೆ ಟೆಂಟ್ ಇದೆಯಾ, ದಿನಗೂಲಿ ಎಷ್ಟು ಅಂತ ಕೇಳಿ, ಸರಿಯಾಗಿ ಉತ್ತರ ಕೊಡದವರನ್ನ ಬಿಟ್ಟು ಮುಂದಿನವರಿಗೆ ಮೆಸೇಜ್ ಮಾಡಿ. ಟಿಪ್ಸ್ ಅನ್ನ ಏಜೆಂಟ್ ಕೈಗೆ ಕೊಡೋ ಬದಲು ರೂಪಿಯಾದಲ್ಲಿ ಬೇರೆ ಬೇರೆ ಲಕೋಟೆ ಮಾಡಿ ಅವರವರ ಕೈಗೇ ಕೊಡಿ, ಮೇಲೆ ಎಟಿಎಂ ಇಲ್ಲ, ಹೊರಡೋಕೆ ಮುಂಚೆನೇ ತೆಗೆದಿಟ್ಕೊಳ್ಳಿ.